ಒಂದು ಜೇಡ, ಮೂರು ಕುಟುಂಬ: ನೆಫಿಲ ಪಿಲಿಪೆಸ್ ಹೆಸರಿನ ಪ್ರಕರಣ

ಅಕ್ಕನ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ. ಪ್ರಾಣಿಶಾಸ್ತ್ರದ ರೆಕಾರ್ಡ್‌ಗೆ ಹತ್ತು ಜೇಡಗಳ ಫೋಟೊ ಅಂಟಿಸಿ, ಪ್ರತಿಯೊಂದರ ಕೆಳಗೂ ಹೆಸರು, ಕುಟುಂಬ, ಸಿಕ್ಕ ಜಾಗ, ತಾರೀಕು ಬರೆಯಬೇಕಿತ್ತು. ದಸರಾ ರಜೆಗೆ ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಬಂದಾಗ ಆ ರೆಕಾರ್ಡನ್ನೂ ತಂದಿದ್ದಳು. ಐದನೇ ಪುಟದಲ್ಲಿ ಕೆಂಪು ಇಂಕಿನ ಗೆರೆ. ಅವಳು ಬರೆದದ್ದು ‘ನೆಫಿಲ ಪಿಲಿಪೆಸ್, ಕುಟುಂಬ: ನೆಫಿಲಿಡೇ’ ಅಂತ. ನೆಫಿಲಿಡೇ ಅನ್ನೋದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಅರೇನಿಡೇ’ ಅಂತ ಮೇಡಂ ಬರೆದಿದ್ದರು. ಅರ್ಧ ಮಾರ್ಕ್ಸ್ ಹೋಗಿತ್ತು.

‘ಮಾಮ, ನಾನು ನೋಡಿಕೊಂಡೇ ಬರೆದಿದ್ದು. ತಪ್ಪು ಹೇಗಾಗತ್ತೆ?’ ಅಂತ ಕೇಳಿದಳು.

ನನ್ನ ಹತ್ತಿರ ಜೇಡಗಳ ಹಳೆಯ ಪುಸ್ತಕಗಳು ಒಂದಷ್ಟು ಇವೆ. ಒಂದನ್ನು ತೆಗೆದು ನೋಡಿದೆವು. ಅದರಲ್ಲಿ ಇದೇ ಜೇಡಕ್ಕೆ ನೆಫಿಲ ಮ್ಯಾಕುಲೇಟ ಅಂತ ಹೆಸರಿತ್ತು, ಕುಟುಂಬ ಟೆಟ್ರಾಗ್ನಾಥಿಡೇ ಅಂತ ಇತ್ತು. ಅಲ್ಲಿಗೆ ಒಂದು ಜೇಡಕ್ಕೆ ಎರಡು ಹೆಸರು, ಮೂರು ಕುಟುಂಬ ಆಯಿತು. ಅವಳ ಮುಖ ನೋಡಿದರೆ ಅಳು ಬರುವ ಹಾಗಿತ್ತು. ಪುಸ್ತಕ ಮುಚ್ಚಿಟ್ಟು, ‘ಮೊದಲು ಜೇಡ ನೋಡೋಣ ಬಾ’ ಅಂತ ತೋಟಕ್ಕೆ ಕರೆದುಕೊಂಡು ಹೋದೆ.

ಮಳೆ ಹಿಂದೆಗೆದ ಮೇಲೆ ಮಲೆನಾಡಿನಲ್ಲಿ ಈ ಜೇಡ ಕಾಣದ ತೋಟ ಕಮ್ಮಿ. ನಮ್ಮಲ್ಲಿ ಪ್ರತಿ ವರ್ಷ ಬಸಿಗಾಲುವೆಯ ಮೇಲೆ, ಎರಡು ಅಡಿಕೆ ಮರಗಳ ನಡುವೆ ಒಂದಾದರೂ ಇರುತ್ತದೆ. ಹೆಣ್ಣಿನ ಮೈ ಮೂರರಿಂದ ಐದು ಸೆಂಟಿಮೀಟರ್ ಉದ್ದ. ಕಾಲು ಚಾಚಿದರೆ ನಮ್ಮ ಅಂಗೈ ತುಂಬುತ್ತದೆ. ಕಪ್ಪು ಮೈ ಮೇಲೆ ಹಳದಿ ಪಟ್ಟೆ. ಬಲೆ ಒಂದು ಮೀಟರ್ ಅಗಲ ಇರುವುದೂ ಉಂಟು. ಬೆಳಗಿನ ಬಿಸಿಲು ಅಡ್ಡ ಬಿದ್ದಾಗ ಎಳೆಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಜೇಡ ಕೂರುವುದು ಬಲೆಯ ನಟ್ಟನಡುವೆ ಅಲ್ಲ, ಮೇಲಂಚಿಗೆ ಹತ್ತಿರ, ತಲೆ ಕೆಳಗಾಗಿ.

ಅವಳನ್ನು ಬಲೆಯ ಹತ್ತಿರ ನಿಲ್ಲಿಸಿ, ಎಳೆಗಳನ್ನೇ ನೋಡು ಅಂದೆ. ಅಂಟು ಎಳೆಗಳು ಒತ್ತೊತ್ತಾಗಿ ಕೆಲವು ಸಾಲು ಬರುತ್ತವೆ. ಆಮೇಲೆ ಅಂಟಿಲ್ಲದ ಒಂದು ಎಳೆ. ಮತ್ತೆ ಕೆಲವು ಅಂಟು ಸಾಲು, ಮತ್ತೆ ಅಂಟಿಲ್ಲದ ಎಳೆ. ‘ಕಾಪಿ ಬರೆಯೋ ಪುಸ್ತಕದ ಗೆರೆ ಥರ ಇದೆ’ ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಬಲೆ ನೇಯುವ ಜೇಡ ಮೊದಲು ಅಂಟಿಲ್ಲದ ಎಳೆಯನ್ನು ನಡುವಿನಿಂದ ಹೊರಗೆ ಸುತ್ತುತ್ತಾ ಹೋಗುತ್ತದೆ. ಗಾರೆ ಕೆಲಸದವರು ಸಾರುವೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಹೊರಗಿನಿಂದ ಒಳಗೆ ಅಂಟು ಎಳೆ ಹಾಕುತ್ತಾ ಬರುತ್ತದೆ. ಬೇರೆ ಹೆಚ್ಚಿನ ಜೇಡಗಳು ಹೀಗೆ ಬರುವಾಗಲೇ ಸಾರುವೆಯ ಎಳೆಯನ್ನು ಕತ್ತರಿಸಿ ತೆಗೆಯುತ್ತವೆ. ನೆಫಿಲ ತೆಗೆಯುವುದಿಲ್ಲ, ಹಾಗೇ ಬಿಡುತ್ತದೆ. ಈ ಒಂದು ಗುಣ ನೆನಪಿಟ್ಟುಕೊ, ಮುಂದೆ ಬೇಕಾಗತ್ತೆ ಅಂದೆ.

ಈಗ ಹೆಸರಿನ ವಿಷಯ.

ಎಲ್ಲದಕ್ಕೂ ಮೊದಲು ನಮ್ಮ ಭಾಷೆಯ ಮಾತು ಒಂದು ಹೇಳಬೇಕು. ಕನ್ನಡದಲ್ಲಿ ಜೇಡ ಅಂದರೆ ನೇಕಾರ ಅಂತಲೂ ಅರ್ಥ. ಜೇಡರ ದಾಸಿಮಯ್ಯ ಅಂತ ನಾವು ಕರೆಯುವುದು ಅದಕ್ಕೇ. ನೆಫಿಲ ಅನ್ನುವುದು ಗ್ರೀಕ್ ಮೂಲದ ಹೆಸರು. ನೂಲುವುದು ಅಂದರೆ ಇಷ್ಟ ಪಡುವವಳು ಅನ್ನುವ ಅರ್ಥ ಅದಕ್ಕೆ. ಇಂಗ್ಲೆಂಡಿನ ವಿಲಿಯಂ ಲೀಚ್ 1815ರಲ್ಲಿ ಈ ಹೆಸರಿಟ್ಟ. ಎಲ್ಲೋ ಇರುವ ಎರಡು ಭಾಷೆಗಳು ಒಂದೇ ಕೆಲಸ ನೋಡಿ ಒಂದೇ ಥರ ಹೆಸರಿಟ್ಟಿವೆ ಅಂತ ನನಗೆ ಯಾವಾಗಲೂ ಖುಷಿ.

ಪಿಲಿಪೆಸ್ ಅಂದರೆ ಲ್ಯಾಟಿನ್‌ನಲ್ಲಿ ಕೂದಲು ಕಾಲಿನದು. ಈ ಹೆಸರು ಕೊಟ್ಟವನು ಡೆನ್ಮಾರ್ಕಿನ ಯೋಹಾನ್ ಫ್ಯಾಬ್ರಿಷಿಯಸ್, 1793ರಲ್ಲಿ. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ ಅವನು. ಹತ್ತಿರದ ಪ್ರಭೇದಗಳು ಸೇರಿದರೆ ಒಂದು ಕುಲ, ಹತ್ತಿರದ ಕುಲಗಳು ಸೇರಿದರೆ ಒಂದು ಕುಟುಂಬ. ಗುರುವಿನ ಹಾಗೇ ಅವನೂ ಜೇಡಗಳನ್ನು ಅರೇನಿಯ ಅನ್ನುವ ಒಂದೇ ಕುಲದಲ್ಲಿ ಇಟ್ಟಿದ್ದ. ಹಾಗಾಗಿ ಈ ಜೇಡದ ಮೊದಲ ಹೆಸರು ಅರೇನಿಯ ಪಿಲಿಪೆಸ್. ಇವತ್ತು ಪೂರ್ತಿ ಹೆಸರು ಬರೆಯುವಾಗ ನೆಫಿಲ ಪಿಲಿಪೆಸ್ (ಫ್ಯಾಬ್ರಿಷಿಯಸ್, 1793) ಅಂತ ಬರೆಯುತ್ತೇವೆ. ಆ ಕಂಸ ಸುಮ್ನೆ ಹಾಕಿದ್ದಲ್ಲ. ಹೆಸರಿಟ್ಟವನು ಬೇರೆ ಕುಲದಲ್ಲಿ ಇಟ್ಟಿದ್ದ, ಆಮೇಲೆ ಜಾಗ ಬದಲಾಗಿದೆ ಅನ್ನುವುದರ ಗುರುತು ಅದು. ಕಂಸ ಇಲ್ಲದೆ ಬರೆದರೆ ತಪ್ಪು. ಅಕ್ಕನ ಮಗಳು ಈ ಕಂಸ ಬಿಟ್ಟಿದ್ದಳು. ಮೇಡಂ ಅದನ್ನು ಗಮನಿಸಿರಲಿಲ್ಲ. ನನ್ನ ಪ್ರಕಾರ ಮಾರ್ಕ್ಸ್ ಕಳೆಯುವುದಾದರೆ ಇಲ್ಲಿ ಕಳೆಯಬೇಕಿತ್ತು.

ಹಳೆಯ ಪುಸ್ತಕದ ಮ್ಯಾಕುಲೇಟ ಎಲ್ಲಿಂದ ಬಂತು? ಅದೂ ಫ್ಯಾಬ್ರಿಷಿಯಸ್ ಇಟ್ಟದ್ದೇ, ಅದೂ 1793ರಲ್ಲೇ. ಚುಕ್ಕೆ ಇರುವಂಥದ್ದು ಅಂತ ಅರ್ಥ. ಅವನು ಎರಡು ಬೇರೆ ಬೇರೆ ಜೇಡ ಅಂದುಕೊಂಡು ಎರಡು ಹೆಸರಿಟ್ಟ. ಎರಡೂ ಒಂದೇ ಅಂತ ಮುಂದೆ ಗೊತ್ತಾಯಿತು. ಒಂದು ಪ್ರಭೇದಕ್ಕೆ ಒಂದೇ ಹೆಸರು ಉಳಿಯಬೇಕು ಅನ್ನುವುದು ನಿಯಮ. ಬಹಳ ಕಾಲ ಮ್ಯಾಕುಲೇಟ ಅನ್ನುವುದೇ ಬಳಕೆಯಲ್ಲಿತ್ತು. ಈಗ ಪಿಲಿಪೆಸ್ ಉಳಿದಿದೆ. ಆದ್ದರಿಂದ ಹಳೆಯ ಪುಸ್ತಕದಲ್ಲಿ ಮ್ಯಾಕುಲೇಟ ಅಂತ ಕಂಡರೆ ಅದು ಬೇರೆ ಜೇಡ ಅಂತ ಪಟ್ಟಿಗೆ ಸೇರಿಸಬಾರದು. ಎಷ್ಟೋ ತೋಟದ ಜೇಡಗಳ ಪಟ್ಟಿಯಲ್ಲಿ ಎರಡನ್ನೂ ಬರೆದು ಲೆಕ್ಕ ಜಾಸ್ತಿ ಮಾಡಿಕೊಳ್ಳುವ ಸಾಧ್ಯತೆ ಇಲ್ಲೇ ಇದೆ.

ಇಲ್ಲಿ ಒಂದು ವಿಷಯ ಅವಳಿಗೆ ಬಿಡಿಸಿ ಹೇಳಿದೆ. ಪ್ರಭೇದದ ಹೆಸರು ಒಂದು ವಸ್ತುವಿಗೆ ಕಟ್ಟಿದ್ದು. ಹೊಸ ಪ್ರಭೇದಕ್ಕೆ ಹೆಸರಿಡುವವರು ಒಂದು ಜೇಡವನ್ನು ಮಾದರಿ ಅಂತ ತೋರಿಸಬೇಕು. ಇವತ್ತು ಅದನ್ನು ಮದ್ಯಸಾರದ ಸೀಸೆಯಲ್ಲಿ ಹಾಕಿ ಮ್ಯೂಸಿಯಂನಲ್ಲಿ ಇಡುತ್ತಾರೆ. 2016ರಲ್ಲಿ ನಮ್ಮದೇ ರಾಜ್ಯದ ಪಶ್ಚಿಮ ಘಟ್ಟದ ಕಾನು ಕಾಡಿನಲ್ಲಿ ಸಿಕ್ಕ ಎರಿಯೊವಿಕ್ಸಿಯ ಗ್ರಿಫಿಂಡೊರಿ ಅನ್ನುವ ಪುಟ್ಟ ಜೇಡವೂ ಹಾಗೇ ಹೆಸರು ಪಡೆಯಿತು. ಅದು ಒಣಗಿದ ಎಲೆಯ ಹಾಗೆ ಕಾಣುತ್ತದೆ. ಹ್ಯಾರಿ ಪಾಟರ್ ಕಥೆಯ ಮಾತಾಡುವ ಟೋಪಿಯ ಆಕಾರ ಇದೆ ಅಂತ, ಆ ಟೋಪಿಯ ಒಡೆಯನ ಹೆಸರು. ಜಾವೇದ್ ಅಹ್ಮದ್, ರಾಜಶ್ರೀ ಖಲಪ್, ಸುಮುಖ ಜೆ. ಎನ್. ಮೂವರು ಸೇರಿ ಇಟ್ಟದ್ದು. ಹೆಸರು ಏನೇ ಇರಲಿ, ಅದು ಆ ಒಂದು ಹೆಣ್ಣು ಜೇಡಕ್ಕೆ ಅಂಟಿಕೊಂಡಿದೆ. ಕುಟುಂಬದ ಹೆಸರು ಹಾಗಲ್ಲ. ಅದು ನೆಂಟಸ್ತಿಕೆಯ ಬಗ್ಗೆ ಒಬ್ಬರು ಮಾಡುವ ವಾದ. ಹೊಸ ಸಾಕ್ಷಿ ಬಂದರೆ ವಾದ ಬದಲಾಗುತ್ತದೆ.

ನೆಫಿಲದ ಕುಟುಂಬದ ಕಥೆಯಲ್ಲಿ ಆಗಿದ್ದು ಇದೇ.

ಅರೇನಿಡೇ ಬಹಳ ಹಳೆಯ ಹೆಸರು. ಸ್ವೀಡನ್ನಿನ ಕಾರ್ಲ್ ಕ್ಲರ್ಕ್ 1757ರಲ್ಲಿ ತನ್ನ ದೇಶದ ಜೇಡಗಳ ಬಗ್ಗೆ ಒಂದು ಪುಸ್ತಕ ಬರೆದ. ಪ್ರಾಣಿಗಳ ಹೆಸರುಗಳ ಲೆಕ್ಕ ಶುರುವಾಗುವುದು ಲಿನೇಯಸ್‌ನ 1758ರ ಪುಸ್ತಕದಿಂದ. ಅದಕ್ಕಿಂತ ಹಿಂದಿನ ಹೆಸರುಗಳಿಗೆ ಮಾನ್ಯತೆ ಇಲ್ಲ. ಕ್ಲರ್ಕ್‌ನ ಜೇಡಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ. ಅರೇನಿಡೇ ಹೆಸರು ಅವನಿಗೇ ಸಲ್ಲುತ್ತದೆ. ವೃತ್ತದ ಬಲೆ ನೇಯುವ ಜೇಡಗಳ ದೊಡ್ಡ ಮನೆ ಈ ಅರೇನಿಡೇ. ಮೂರು ಸಾವಿರಕ್ಕೂ ಹೆಚ್ಚು ಪ್ರಭೇದ ಇದರಲ್ಲಿವೆ. ಬಲೆಯ ಮೇಲೆ ಇಂಟು ಗುರುತಿನ ಹಾಗೆ ಬಿಳಿ ಪಟ್ಟಿ ಹಾಕಿಕೊಂಡು ಕೂರುವ ಆರ್ಗಿಯೋಪಿ, ಬೆನ್ನ ಮೇಲೆ ಮುಳ್ಳಿರುವ ಗ್ಯಾಸ್ಟರಕಾಂತ, ಮೇಲೆ ಹೇಳಿದ ಗ್ರಿಫಿಂಡೊರಿ, ಎಲ್ಲ ಇಲ್ಲಿಯವೇ. ಹಳೆಯ ಬರಹಗಳಲ್ಲಿ ಇದೇ ಮನೆಗೆ ಎಪೈರಿಡೇ, ಆರ್ಗಿಯೋಪಿಡೇ ಅನ್ನುವ ಹೆಸರುಗಳೂ ಇದ್ದವು.

ಫ್ರಾನ್ಸಿನ ಯೂಜೀನ್ ಸಿಮೋನ್ 1894ರಲ್ಲಿ ನೆಫಿಲ ಮತ್ತು ಅದರ ಹತ್ತಿರದ ಜೇಡಗಳನ್ನು ಒಂದು ಗುಂಪು ಮಾಡಿದ. ಆಗ ಅದು ದೊಡ್ಡ ಮನೆಯೊಳಗಿನ ಒಂದು ಕವಲು ಅಷ್ಟೆ. 1980ರ ದಶಕದಲ್ಲಿ ಹಾರ್ವರ್ಡ್‌ನ ಹರ್ಬರ್ಟ್ ಲೆವಿ ಇವನ್ನು ಎತ್ತಿ ಟೆಟ್ರಾಗ್ನಾಥಿಡೇಗೆ ಸೇರಿಸಿದರು. ಗದ್ದೆಯ ನೀರಿನ ಮೇಲೆ, ಹುಲ್ಲಿನ ತುದಿಗೆ ಕಡ್ಡಿಯ ಹಾಗೆ ಚಾಚಿಕೊಂಡು ಮಲಗುವ ಉದ್ದ ದವಡೆಯ ಜೇಡ ನೋಡಿದ್ದೀರಲ್ಲ, ಅದರ ಮನೆ ಅದು.

ಲೆವಿ ಯಾಕೆ ಹಾಗೆ ಮಾಡಿದರು? ಇದನ್ನು ತಿಳಿಯಲು ಗಂಡು ಜೇಡವನ್ನು ನೋಡಬೇಕು. ಗಂಡಿನ ಮುಖದ ಮುಂದೆ ಎರಡು ಪುಟ್ಟ ಕೈಗಳಿರುತ್ತವೆ, ತುದಿ ಊದಿಕೊಂಡಿರುತ್ತದೆ. ಅದಕ್ಕೆ ಪಾಲ್ಪ್ ಅನ್ನುತ್ತಾರೆ. ವೀರ್ಯವನ್ನು ಹೆಣ್ಣಿಗೆ ದಾಟಿಸುವ ಅಂಗ ಅದು. ಜೇಡಗಳನ್ನು ಗುರುತಿಸುವವರು ಮೈ ಬಣ್ಣಕ್ಕಿಂತ ಹೆಚ್ಚು ನಂಬುವುದು ಇದನ್ನೇ, ಯಾಕೆಂದರೆ ಪ್ರಭೇದದಿಂದ ಪ್ರಭೇದಕ್ಕೆ ಇದರ ಆಕಾರ ಬೇರೆ. ಅರೇನಿಡೇ ಗಂಡುಗಳ ಪಾಲ್ಪ್‌ನಲ್ಲಿ ಕೊಕ್ಕೆಯಂಥ ಒಂದು ಭಾಗ ಇರುತ್ತದೆ. ಟೆಟ್ರಾಗ್ನಾಥಿಡೇಯಲ್ಲಿ ಅದಿಲ್ಲ. ನೆಫಿಲದಲ್ಲೂ ಇಲ್ಲ. ನೆಫಿಲದ ಪಾಲ್ಪ್ ಸರಳ, ಒಂದು ಗುಂಡಿನಿಂದ ಹೊರಟ ಸೂಜಿಯ ಹಾಗೆ. ಆದ್ದರಿಂದ ಇವು ಹತ್ತಿರದ ನೆಂಟರು ಅಂತ ಲೆವಿ ತಿಳಿದದ್ದು ಆ ಕಾಲಕ್ಕೆ ನ್ಯಾಯವಾದ ತೀರ್ಮಾನ. ನನ್ನ ಹಳೆಯ ಪುಸ್ತಕದಲ್ಲಿ ಇದ್ದದ್ದು ಈ ತೀರ್ಮಾನವೇ.

ತೊಡಕು ಇರುವುದು ಇಲ್ಲಿ. ಇಬ್ಬರ ಮನೆಯಲ್ಲೂ ಒಂದು ಪಾತ್ರೆ ಇಲ್ಲ ಅಂದ ಮಾತ್ರಕ್ಕೆ ಅವರು ಅಣ್ಣತಮ್ಮಂದಿರು ಅಂತ ಆಗುವುದಿಲ್ಲ. ಇಬ್ಬರೂ ಬೇರೆ ಬೇರೆ ಕಾಲದಲ್ಲಿ ಕಳೆದುಕೊಂಡಿರಬಹುದು. ಇರುವ ಗುಣಕ್ಕಿಂತ ಇಲ್ಲದ ಗುಣ ಹಿಡಿದು ನೆಂಟಸ್ತಿಕೆ ಹೇಳುವುದು ಕಷ್ಟ. ಬಲೆಯ ಆಕಾರ ಹಿಡಿದರೂ ಹೀಗೇ ಮೋಸ ಹೋಗುತ್ತೇವೆ. ಯುಲೊಬೊರಸ್ ಅನ್ನುವ ಚಿಕ್ಕ ಜೇಡವೂ ವೃತ್ತದ ಬಲೆಯನ್ನೇ ನೇಯುತ್ತದೆ. ಆದರೆ ಅದರ ಎಳೆಯಲ್ಲಿ ಅಂಟಿನ ಹನಿ ಇಲ್ಲ, ಹತ್ತಿಯ ಹಾಗೆ ಜುಂಜು ಇದೆ. ಅದಕ್ಕೆ ವಿಷದ ಗ್ರಂಥಿಯೂ ಇಲ್ಲ. 2014ರಲ್ಲಿ ದೊಡ್ಡ ಪ್ರಮಾಣದ ಜೀನ್ ಮಾಹಿತಿ ಇಟ್ಟುಕೊಂಡು ನೋಡಿದಾಗ, ವೃತ್ತದ ಬಲೆ ನೇಯುವವೆಲ್ಲ ಒಂದೇ ಗುಂಪು ಅನ್ನುವ ಹಳೆಯ ನಂಬಿಕೆಯೇ ಬಿದ್ದುಹೋಯಿತು.

ಸ್ಲೊವೇನಿಯಾದ ಮಟ್ಯಾಜ್ ಕುಂಟ್ನರ್ 2006ರಲ್ಲಿ ನೆಫಿಲದ ಗುಂಪಿಗೆ ಸ್ವಂತ ಕುಟುಂಬ ಕೊಟ್ಟರು. ನೆಫಿಲಿಡೇ ಹಾಗೆ ಎದ್ದು ನಿಂತಿತು. 2008ರಲ್ಲಿ ಕೊಡಿಂಗ್ಟನ್, ಹೊರ್ಮಿಗ ಜೊತೆ ಸೇರಿ ಇನ್ನೂ ವಿವರವಾಗಿ ಬರೆದರು. ಆ ಗುಂಪಿಗೇ ವಿಶೇಷವಾದ ಗುಣಗಳನ್ನು ತೋರಿಸಿದರು. ದವಡೆಯ ಬುಡದ ಹೊರಗಿನ ಉಬ್ಬಿನ ಮೇಲೆ ಸಣ್ಣ ಸಣ್ಣ ಗೆರೆಗಳಿವೆ. ಬಲೆಯ ಸಾರುವೆ ಎಳೆಯನ್ನು ತೆಗೆಯುವುದಿಲ್ಲ. ಕಾಪಿ ಪುಸ್ತಕದ ಗೆರೆ ಅಂತ ನಾವು ತೋಟದಲ್ಲಿ ನೋಡಿದ್ದು ಇದೇ ಸಾಕ್ಷಿ.

ಆಮೇಲಿನದು ಬೇಗ ಬೇಗ ನಡೆಯಿತು. ಡಿಮಿಟ್ರೊವ್ ಮತ್ತು ಜೊತೆಗಾರರು ಜೀನ್‌ಗಳನ್ನು ಹೋಲಿಸಿ, 2017ರ ಸಂಚಿಕೆಯ ಪ್ರಬಂಧದಲ್ಲಿ ನೆಫಿಲಿಡೇಯನ್ನು ಮತ್ತೆ ಅರೇನಿಡೇ ಒಳಗೆ ಉಪಕುಟುಂಬ ಮಾಡಿದರು. 2019ರಲ್ಲಿ ಕುಂಟ್ನರ್ ತಂಡ ಇನ್ನೂ ಹೆಚ್ಚು ಜೀನ್ ಭಾಗಗಳನ್ನು ನೋಡಿ ಅದನ್ನು ಮತ್ತೆ ಹೊರಗೆ ತಂದಿತು. 2020ರಲ್ಲಿ ಕಲ್ಲಾಲ್, ಹೊರ್ಮಿಗ ಮೊದಲಾದವರು ಮತ್ತೆ ಒಳಗೆ ಸೇರಿಸಿದರು. 2023ರಲ್ಲಿ ಕುಂಟ್ನರ್ ತಂಡ ಮತ್ತೆ ಹೊರಗೇ ಇರಬೇಕು ಅಂತ ವಾದಿಸಿತು. ಮೇಡಂ ಓದಿದ್ದು ಒಂದು, ಅಕ್ಕನ ಮಗಳು ಓದಿದ್ದು ಇನ್ನೊಂದು. ಇಬ್ಬರೂ ಸುಳ್ಳು ಬರೆದಿರಲಿಲ್ಲ.

‘ಅಂದ್ರೆ ವಿಜ್ಞಾನಿಗಳಿಗೇ ಗೊತ್ತಿಲ್ವಾ?’ ಅಂತ ಅವಳು ಕೇಳಿದಳು.

ಗೊತ್ತಿದೆ. ಇಡೀ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಇದು. ನೆಫಿಲದ ಗುಂಪು ಒಂದೇ ತಾಯಿಯ ಸಂತಾನ ಅಂತ ಎರಡೂ ಕಡೆಯವರು ಒಪ್ಪುತ್ತಾರೆ. ಅರೇನಿಡೇಯ ಕೊಂಬೆಯಿಂದ ಬಹಳ ಹಿಂದೆಯೇ ಕವಲೊಡೆದದ್ದು ಅಂತಲೂ ಒಪ್ಪುತ್ತಾರೆ. ಟೆಟ್ರಾಗ್ನಾಥಿಡೇ ಹತ್ತಿರದ ನೆಂಟರಲ್ಲ ಅನ್ನುವುದರಲ್ಲೂ ಜಗಳ ಇಲ್ಲ. ಜಗಳ ಇರುವುದು ಬೇಲಿ ಎಲ್ಲಿ ಹಾಕಬೇಕು ಅನ್ನುವುದರಲ್ಲಿ.

ನಮ್ಮ ಮನೆಯ ಉದಾಹರಣೆಯನ್ನೇ ಕೊಟ್ಟೆ. ಅಜ್ಜನಿಗೆ ಮೂರು ಗಂಡುಮಕ್ಕಳು. ದೊಡ್ಡಪ್ಪ ಮೊದಲೇ ಪಾಲು ತಗೊಂಡು ಹೊಳೆಯಾಚೆ ಬೇರೆ ಒಲೆ ಹೂಡಿದರು. ಅಪ್ಪ, ಚಿಕ್ಕಪ್ಪ ಒಂದೇ ಮನೆಯಲ್ಲಿ ಉಳಿದರು. ಈಗ ನಮ್ಮದು ಒಂದು ಕುಟುಂಬವೋ ಎರಡೋ? ವಂಶವೃಕ್ಷ ಬರೆದರೆ ಯಾರು ಯಾರ ಮಗ ಅನ್ನುವುದರಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ರೇಷನ್ ಕಾರ್ಡ್ ಮಾತ್ರ ಎರಡು. ಸೂತಕ ಬಂದರೆ ಒಂದೇ. ಎರಡು ಲೆಕ್ಕಕ್ಕೂ ಕಾರಣ ಇದೆ.

ಒಂದೇ ಮನೆ ಅನ್ನುವವರ ಕಾರಣ ಏನು? ಅರೇನಿಡೇಯ ಒಳಗೆ ಇನ್ನೂ ಎಲ್ಲಿ ಕೂರಿಸಬೇಕು ಅಂತ ಸರಿಯಾಗಿ ಗೊತ್ತಾಗದ ಸಣ್ಣ ಸಣ್ಣ ಗುಂಪುಗಳಿವೆ. ನೆಫಿಲಿಡೇಯನ್ನು ಹೊರಗಿಟ್ಟರೆ ಅವುಗಳಿಗೂ ಬೇರೆ ಬೇರೆ ಮನೆ ಕಟ್ಟಬೇಕಾಗುತ್ತದೆ. 2019ರಲ್ಲಿ ಹಾಗೇ ಆಯಿತು, ಫೊನೊಗ್ನಾಥಿಡೇ ಅಂತ ಇನ್ನೊಂದು ಕುಟುಂಬವೂ ಜೊತೆಗೇ ಎದ್ದಿತು. ಇಷ್ಟು ಅವಸರ ಬೇಡ, ಇನ್ನೂ ಹೆಚ್ಚು ಜೇಡಗಳನ್ನು ನೋಡೋಣ ಅಂತ ಅವರ ಮಾತು. ಬೇರೆ ಮನೆ ಅನ್ನುವವರ ಕಾರಣವೂ ಗಟ್ಟಿ. ಮೂರು ಸಾವಿರ ಪ್ರಭೇದಗಳ ಅರೇನಿಡೇಗೆ ಎಲ್ಲದಕ್ಕೂ ಹೊಂದುವ ಒಂದು ಗುಣ ಹೇಳುವುದು ಕಷ್ಟ. ನೆಫಿಲಿಡೇಗೆ ಹೇಳಬಹುದು. ಹೆಸರು ಕೇಳಿದ ಕೂಡಲೇ ಒಂದಷ್ಟು ಮಾಹಿತಿ ಸಿಗಬೇಕಲ್ವಾ ಅಂತ ಅವರು ಕೇಳುತ್ತಾರೆ.

ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಸಂಹಿತೆ ಇದೆ. ಅದು ಈ ಜಗಳಕ್ಕೆ ತೀರ್ಪು ಕೊಡುವುದಿಲ್ಲ. ಹೆಸರು ಹೇಗೆ ಕಟ್ಟಬೇಕು, ಯಾವುದು ಮೊದಲು ಬಂತು ಅಂತ ಮಾತ್ರ ಹೇಳುತ್ತದೆ. ಕುಟುಂಬ ಆದರೆ ಕೊನೆಗೆ ‘ಇಡೇ’, ಉಪಕುಟುಂಬ ಆದರೆ ‘ಇನೇ’. ನೆಫಿಲಿಡೇ, ನೆಫಿಲಿನೇ. ಕನ್ನಡದಲ್ಲಿ ಬರೆದಾಗ ಇಡೀ ಜಗಳ ಡೇ, ನೇ ಅನ್ನುವ ಒಂದೇ ಅಕ್ಷರದಲ್ಲಿ ಕೂತಿದೆ. ಎರಡರ ಮುಂದೆಯೂ ‘ಸಿಮೋನ್, 1894’ ಅಂತಲೇ ಬರೆಯಬೇಕು. ಗುಂಪನ್ನು ಎತ್ತಿ ನಿಲ್ಲಿಸಿದವರು ಯಾರೇ ಇರಲಿ, ಮೊದಲು ಗುಂಪು ಮಾಡಿದವನಿಗೇ ಹೆಸರು ಸಲ್ಲುತ್ತದೆ.

2019ರಲ್ಲಿ ಇನ್ನೊಂದು ಕೆಲಸವೂ ಆಯಿತು. ಹಳೆಯ ನೆಫಿಲ ಕುಲದಲ್ಲಿ ಇದ್ದ ಜೇಡಗಳು ಒಂದೇ ತಾಯಿಯ ಮಕ್ಕಳಲ್ಲ ಅಂತ ಕಂಡಿತು. ಕುಲವನ್ನು ಒಡೆದರು. ನಮ್ಮ ಪಿಲಿಪೆಸ್, ಆಫ್ರಿಕಾದ ಕನ್‌ಸ್ಟ್ರಿಕ್ಟ ಎರಡೇ ನೆಫಿಲದಲ್ಲಿ ಉಳಿದವು. ಉಳಿದ ಹತ್ತಕ್ಕೂ ಹೆಚ್ಚು ಪ್ರಭೇದಗಳು ಟ್ರೈಕೊನೆಫಿಲ ಆದವು. ಜಪಾನಿನವರು ಜೊರೊ ಅನ್ನುವ ಜೇಡ ಅಮೆರಿಕದ ಜಾರ್ಜಿಯಾದಲ್ಲಿ ಹಬ್ಬಿ ಸುದ್ದಿಯಾಯಿತಲ್ಲ, ಅದು ಮೊದಲು ನೆಫಿಲ ಕ್ಲವೇಟ, ಈಗ ಟ್ರೈಕೊನೆಫಿಲ ಕ್ಲವೇಟ. ಎರಡು ಪ್ರಭೇದ ಇರುವ ಕಡೆಗೆ ಹಳೆಯ ಹೆಸರು ಯಾಕೆ ಉಳಿಯಿತು, ಹೆಚ್ಚು ಇರುವ ಕಡೆಗೆ ಯಾಕೆ ಹೋಗಲಿಲ್ಲ? ಯಾಕೆಂದರೆ ಕುಲದ ಹೆಸರೂ ಒಂದು ಮಾದರಿ ಪ್ರಭೇದಕ್ಕೆ ಕಟ್ಟಿರುತ್ತದೆ. ನೆಫಿಲ ಕುಲದ ಮಾದರಿ ನಮ್ಮ ಬಸಿಗಾಲುವೆಯ ಮೇಲೆ ಕೂತಿರುವ ಇದೇ ಜೇಡ. ಮನೆದೇವರ ಪೆಟ್ಟಿಗೆ ಯಾರ ಹತ್ತಿರ ಇದೆಯೋ ಅವರದ್ದೇ ಮೂಲ ಮನೆ ಅನ್ನುತ್ತಾರಲ್ಲ, ಹಾಗೆ.

ಅವತ್ತು ಸಂಜೆ ಅವಳಿಗೆ ನೆಫಿಲದ ನೆಂಟರನ್ನೂ ತೋರಿಸಬೇಕು ಅಂತ ಆಸೆಯಾಯಿತು. ದೂರ ಹೋಗಬೇಕಾಗಿರಲಿಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ ನೆಫಿಲೆಂಗಿಸ್ ಮಲಬಾರೆನ್ಸಿಸ್ ಇತ್ತು. ಹೆಸರಿನಲ್ಲೇ ಮಲಬಾರ್ ಇದೆ, ವಾಲ್ಕನೇರ್ 1841ರಲ್ಲಿ ಇಟ್ಟದ್ದು. ಬಲೆಯ ಮೇಲ್ತುದಿಯಲ್ಲಿ, ಗೋಡೆಗೆ ಅಂಟಿಸಿ ಒಂದು ಕೊಳವೆ ಕಟ್ಟಿ ಹಗಲೆಲ್ಲ ಅದರೊಳಗೆ ಅಡಗಿರುತ್ತದೆ. ಇದರ ಗಂಡು ಹೆಣ್ಣಿನ ಜೊತೆ ಕೂಡಿದ ಮೇಲೆ ತನ್ನ ಪಾಲ್ಪನ್ನೇ ಮುರಿದು ಅಲ್ಲೇ ಬಿಡುತ್ತದೆ. ಗಂಡು ದೂರ ಸರಿದ ಮೇಲೂ ಮುರಿದ ತುಂಡು ವೀರ್ಯ ದಾಟಿಸುತ್ತಲೇ ಇರುತ್ತದೆ. ಮನೆ ಹಿಂದಿನ ಹಲಸಿನ ಕಾಂಡದ ಮೇಲೆ ಹೆರೆನ್ನಿಯ ಇತ್ತು. ಅದರ ಬಲೆ ತೊಗಟೆಗೆ ಅಂಟಿದ ಹಾಗೇ ಇರುತ್ತದೆ. ಕಣ್ಣು ಹತ್ತಿರ ತಂದು ನೋಡದಿದ್ದರೆ ಬಲೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಟಾರ್ಚ್ ಬೆಳಕನ್ನು ಓರೆಯಾಗಿ ಹಿಡಿದಾಗ ಎಳೆಗಳು ಕಂಡವು. ಅವಳು ಎಣಿಸಿದಳು. ಅಂಟು ಸಾಲು, ಸಾರುವೆ ಎಳೆ, ಅಂಟು ಸಾಲು. ಇಲ್ಲೂ ಸಾರುವೆ ಹಾಗೇ ಇತ್ತು.

ರಾತ್ರಿ ಊಟ ಆದ ಮೇಲೆ ಪುಟ ಹೊಸದಾಗಿ ಬರೆದಳು. ಅದನ್ನು ಇದ್ದ ಹಾಗೇ ಕೊಡುತ್ತೇನೆ.

ನೆಫಿಲ ಪಿಲಿಪೆಸ್ (ಫ್ಯಾಬ್ರಿಷಿಯಸ್, 1793), ಹೆಣ್ಣು. ಹಳೆಯ ಪುಸ್ತಕಗಳಲ್ಲಿ ನೆಫಿಲ ಮ್ಯಾಕುಲೇಟ. ಕುಟುಂಬ: ನೆಫಿಲಿಡೇ ಸಿಮೋನ್, 1894, ಕುಂಟ್ನರ್ ಮತ್ತಿತರರು 2023ರ ಪ್ರಕಾರ, ಅರೇನಿಡೇಯ ಉಪಕುಟುಂಬ ನೆಫಿಲಿನೇ, ಕಲ್ಲಾಲ್ ಮತ್ತಿತರರು 2020ರ ಪ್ರಕಾರ. ಅಡಿಕೆ ತೋಟ, ಬಸಿಗಾಲುವೆಯ ಮೇಲೆ.

ರಜೆ ಮುಗಿದು ಹೋದ ಮೇಲೆ ಫೋನ್ ಮಾಡಿದ್ದಳು. ಮೇಡಂ ಪುಟವನ್ನು ಎರಡು ಸಲ ಓದಿದರಂತೆ. ಅರ್ಧ ಮಾರ್ಕ್ಸ್ ವಾಪಸ್ ಬಂತು. ಆ ಪುಟದ ಜೆರಾಕ್ಸ್ ತಮಗೂ ಒಂದು ಬೇಕು ಅಂತ ಕೇಳಿದರಂತೆ. ಆಮೇಲೆ, ‘ಗಂಡಿನ ಪಾಲ್ಪ್ ಬಗ್ಗೆ ಇಷ್ಟೆಲ್ಲ ಹೇಳ್ತೀಯಲ್ಲ, ಗಂಡಿನ ಫೋಟೊ ಎಲ್ಲಿ?’ ಅಂತ ಕೇಳಿದರಂತೆ.

ಹಾಗಾಗಿ ಮುಂದಿನ ಭಾನುವಾರ ಅವಳು ಮತ್ತೆ ಬಂದಳು. ಲೆನ್ಸ್ ಹಿಡಿದು ಇಬ್ಬರೂ ಬಲೆಯ ಮುಂದೆ ನಿಂತೆವು. ಹೆಣ್ಣು ಬಲೆಯ ಅರ್ಧ ಭಾಗವನ್ನು ಹೊಸದಾಗಿ ನೇಯ್ದಿತ್ತು, ಇನ್ನರ್ಧ ಹಳೆಯದೇ. ಬಲೆಯ ಅಂಚಿನಲ್ಲಿ ಬೆಳ್ಳಿ ಬಣ್ಣದ ಸಣ್ಣ ಜೇಡಗಳು ಓಡಾಡುತ್ತಿದ್ದವು. ಅವು ಆರ್ಗಿರೋಡಿಸ್, ನೆಫಿಲ ಹಿಡಿದ ಬೇಟೆಯಲ್ಲಿ ಕದ್ದು ತಿನ್ನುವವು. ಸುಮಾರು ಹೊತ್ತಾದ ಮೇಲೆ ಹೆಣ್ಣಿನ ಬೆನ್ನಿನ ಮೇಲ್ಗಡೆ, ಒಂದು ಎಳೆಯ ಮೇಲೆ, ಅರ್ಧ ಸೆಂಟಿಮೀಟರಿನ ಕಂದು ಬಣ್ಣದ ಜೇಡ ಕಂಡಿತು. ಕದಿಯುವ ಜೇಡ ಅಂದುಕೊಂಡು ಎಷ್ಟೋ ಜನ ಬಿಟ್ಟುಬಿಡುವುದು ಇದನ್ನೇ.

‘ಮಾಮ, ಅಲ್ಲಾಡಬೇಡಿ’ ಅಂದಳು. ಉಸಿರು ಬಿಗಿಹಿಡಿದು ಲೆನ್ಸ್ ಹತ್ತಿರ ತಂದಳು. ಮುಖದ ಮುಂದೆ ಎರಡು ಪುಟ್ಟ ಗುಂಡುಗಳು, ಒಂದೊಂದರಿಂದಲೂ ಒಂದು ಸೂಜಿ. ಕೊಕ್ಕೆ ಇರಲಿಲ್ಲ.